ಕರಿಕಲ್ಲಿನೊಳಗಿನ ದಿಕ್ಸೂಚಿ

ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ನಕ್ಷೆ ನೋಡುವವರ ಕಣ್ಣು ಮೊದಲು ನಿಲ್ಲುವುದು ಉತ್ತರ–ದಕ್ಷಿಣವಾಗಿ ಸಾಗುವ ಚಾಂಪಿಯನ್ ಲೋಡ್ ಮೇಲೆ. ಬೆಣಚುಕಲ್ಲಿನ ಆ ಪಟ್ಟಿಯಲ್ಲೇ ಬಂಗಾರ ಇದ್ದದ್ದು. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಅದರ ಬೆನ್ನು ಹತ್ತಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳಕ್ಕೆ ಇಳಿಯಿತು. 2001ರ ಫೆಬ್ರುವರಿ 28ರಂದು ಬಾಗಿಲು ಹಾಕುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಮೇಲೆ ಬಂದಿತ್ತು.

ಅದೇ ನಕ್ಷೆಯಲ್ಲಿ ಚಿನ್ನದ ಪಟ್ಟಿಯನ್ನು ಕತ್ತರಿಸಿಕೊಂಡು ಹೋಗುವ ಬೇರೆ ಗೆರೆಗಳೂ ಇವೆ. ಅವು ಡಾಲರೈಟ್ ಎಂಬ ಕರಿಕಲ್ಲಿನ ಡೈಕ್‌ಗಳು. ಗಣಿಯವರಿಗೆ ಅವುಗಳಿಂದ ಮೂರು ಕಾಸಿನ ಲಾಭವಿರಲಿಲ್ಲ. ಡೈಕ್ ಎದುರಾದಲ್ಲಿ ಚಿನ್ನದ ಪಟ್ಟಿ ತುಂಡಾಗುತ್ತಿತ್ತು, ಅದನ್ನು ದಾಟಿ ಆಚೆ ಮತ್ತೆ ಹುಡುಕಬೇಕಿತ್ತು. ಸುತ್ತಲಿನ ಕಲ್ಲಿಗೂ ಡೈಕಿಗೂ ಒತ್ತಡ ತಾಳುವ ರೀತಿ ಬೇರೆ. ಹಾಗಾಗಿ ಆಳದ ಗಣಿಯಲ್ಲಿ ಬಂಡೆ ಸಿಡಿದು ಆಳುಗಳ ಜೀವ ತೆಗೆಯುತ್ತಿದ್ದ ರಾಕ್‌ಬರ್ಸ್ಟ್‌ಗಳ ಲೆಕ್ಕದಲ್ಲೂ ಡೈಕ್‌ಗಳ ಹೆಸರು ಬರುತ್ತದೆ. ಕಂಪನಿಯ ಕಣ್ಣಿನಲ್ಲಿ ಅದು ಅಡ್ಡಿಯ ಕಲ್ಲು, ಅಪಾಯದ ಕಲ್ಲು.

ನನ್ನ ಮಟ್ಟಿಗೆ ಈ ಸೀಮೆಯ ಅತಿ ದೊಡ್ಡ ಸಂಪತ್ತು ಆ ಅಡ್ಡಿಯ ಕಲ್ಲೇ. ಭೂಮಿಯ ಕಾಂತಕ್ಷೇತ್ರ 237 ಕೋಟಿ ವರ್ಷಗಳ ಹಿಂದೆ ಯಾವ ದಿಕ್ಕಿಗೆ ಮುಖ ಮಾಡಿತ್ತು, ಕರ್ನಾಟಕದ ನೆಲ ಆಗ ಭೂಗೋಳದ ಯಾವ ಅಕ್ಷಾಂಶದಲ್ಲಿತ್ತು ಎಂಬುದನ್ನು ಇಂಥ ಡೈಕ್‌ಗಳು ಹೇಳಿವೆ. ಚಿನ್ನ ಹೊತ್ತ ಕಲ್ಲು ಅದನ್ನು ಹೇಳಲಾರದು.

ಬಂಗಾರಪೇಟೆ, ಮುಳಬಾಗಿಲು, ಮಾಲೂರು, ಬೆಂಗಳೂರು ಗ್ರಾಮಾಂತರ, ಕನಕಪುರ, ಎಲ್ಲಿ ಹೋದರೂ ಈ ಪ್ರಾಂತದ ತಳಪಾಯ ತಿಳಿ ಬಣ್ಣದ ಗ್ರಾನೈಟು ಮತ್ತು ನೈಸ್ ಶಿಲೆ. ಬಿಳಿ–ಬೂದು ಬಣ್ಣದ ಆ ಬಂಡೆಗಳ ನಡುವೆ, ಹೊಲದ ಬದುವಿನಲ್ಲೋ ಕೆರೆಯ ಅಂಗಳದಲ್ಲೋ, ಕಪ್ಪು ಗುಂಡುಕಲ್ಲುಗಳು ಒಂದೇ ಸಾಲಿನಲ್ಲಿ ಕಿಲೋಮೀಟರ್‌ಗಟ್ಟಲೆ ಸಾಗುವುದು ಕಾಣುತ್ತದೆ. ಹೊರಗೆ ತುಕ್ಕಿನ ಬಣ್ಣದ ಸಿಪ್ಪೆ, ಒಡೆದರೆ ಒಳಗೆ ಕಡುಕಪ್ಪು. ಸುತ್ತಿಗೆ ಬಿದ್ದರೆ ಗಂಟೆಯ ಹಾಗೆ ಠಣ್ಣೆನ್ನುತ್ತದೆ. ನೆಲ ಬಿರಿದಾಗ ಆಳದಿಂದ ಸಾವಿರ ಡಿಗ್ರಿಗೂ ಹೆಚ್ಚು ಬಿಸಿಯ ಶಿಲಾರಸ ಆ ಬಿರುಕಿನಲ್ಲಿ ಮೇಲೇರಿ ಅಲ್ಲೇ ಹೆಪ್ಪುಗಟ್ಟಿದ್ದು ಡೈಕ್. ಹತ್ತಾರು ಮೀಟರ್ ದಪ್ಪದ ಕಪ್ಪು ಗೋಡೆಯೊಂದನ್ನು ನೆಲದಲ್ಲಿ ನೆಟ್ಟಗೆ ಹೂತಂತೆ ಇರುತ್ತದೆ. ಹೊಲದಲ್ಲಿ ಕಾಣುವ ಗುಂಡುಗಳ ಸಾಲು ಆ ಗೋಡೆಯ ತಲೆಯಷ್ಟೇ. ಬೆಂಗಳೂರಿನ ಆಸುಪಾಸಿನಿಂದ ಕೋಲಾರ ದಾಟಿ ಆಂಧ್ರದವರೆಗೂ ಪೂರ್ವ–ಪಶ್ಚಿಮವಾಗಿ ಇಂಥ ಗೋಡೆಗಳು ಹಲವಾರು ಹರಡಿವೆ. ಭೂವಿಜ್ಞಾನಿಗಳು ಇವನ್ನು ಒಟ್ಟಾಗಿ ಬೆಂಗಳೂರು ಡೈಕ್ ಸಮೂಹ ಎನ್ನುತ್ತಾರೆ.

ಇಂಥ ಬಂಡೆಯ ಪಕ್ಕಕ್ಕೆ ದಿಕ್ಸೂಚಿ ಹಿಡಿದು ನೋಡಬೇಕು. ನಾಲ್ಕು ಹೆಜ್ಜೆ ದೂರದಲ್ಲಿ ಮುಳ್ಳು ಸರಿಯಾಗಿಯೇ ಉತ್ತರ ತೋರಿಸುತ್ತದೆ. ಬಂಡೆಗೆ ತೀರ ಹತ್ತಿರ ಒಯ್ದರೆ ಕೆಲವು ಕಡೆ ಸ್ವಲ್ಪ ಅತ್ತಿತ್ತ ಜರುಗುತ್ತದೆ, ಇನ್ನು ಕೆಲವು ಕಡೆ ಪೂರ್ತಿ ತಿರುಗಿ ಬೇರೆ ಎಲ್ಲಿಗೋ ನಿಲ್ಲುತ್ತದೆ. ಮೊಬೈಲಿನಲ್ಲಿರುವ ದಿಕ್ಸೂಚಿಯೂ ಹಾಗೆಯೇ ತಬ್ಬಿಬ್ಬಾಗುತ್ತದೆ. ಕಲ್ಲು ತಾನೇ ಅಯಸ್ಕಾಂತವಾಗಿದೆ.

ಅದಕ್ಕೆ ಕಾರಣ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ. ಹಳಬರು ಸೂಜಿಗಲ್ಲು ಎನ್ನುತ್ತಿದ್ದ ವಸ್ತು. ಡಾಲರೈಟಿನಲ್ಲಿ ಅದರ ಪಾಲು ನೂರಕ್ಕೆ ಕೆಲವೇ ಭಾಗ, ಅದರಲ್ಲೂ ಬಹಳಷ್ಟು ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಶಿಲಾರಸ ಗಟ್ಟಿಯಾಗಿ ಕಲ್ಲಾದ ಮೇಲೂ ಈ ಕಣಗಳಿಗೆ ತಕ್ಷಣ ಕಾಂತತ್ವ ಬರುವುದಿಲ್ಲ. 580 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಇರುವವರೆಗೆ ಅವುಗಳೊಳಗಿನ ಪರಮಾಣುಗಳು ಒಂದೊಂದೂ ಒಂದೊಂದು ಕಡೆಗೆ ತಿರುಗಿಕೊಂಡಿರುತ್ತವೆ. ಬಿಸಿ 580ಕ್ಕಿಂತ ಕೆಳಗೆ ಇಳಿದಾಗ ಅವೆಲ್ಲ ಒಗ್ಗಟ್ಟಾಗಿ ಪ್ರತಿ ಕಣವೂ ಪುಟ್ಟ ಅಯಸ್ಕಾಂತವಾಗುತ್ತದೆ. ಆ ಹೊತ್ತಿನಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ಕಡೆಗಿದೆಯೋ ಆ ಕಡೆಗೆ ಕಣಗಳ ಒಟ್ಟು ಒಲವು ಉಳಿಯುತ್ತದೆ. ಇನ್ನಷ್ಟು ತಣಿದಾಗ ಆ ಒಲವು ಬಿಗಿಯಾಗಿ ಕೂತುಬಿಡುತ್ತದೆ, ಆಮೇಲೆ ಭೂಮಿಯ ಕ್ಷೇತ್ರ ಎತ್ತ ತಿರುಗಿದರೂ ಕಣ ಜಗ್ಗುವುದಿಲ್ಲ. ಎಷ್ಟು ಸಣ್ಣ ಕಣ ಎಷ್ಟು ಬಿಸಿಯಲ್ಲಿ ಎಷ್ಟು ಕಾಲ ತನ್ನ ದಿಕ್ಕನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದರ ಲೆಕ್ಕವನ್ನು ಫ್ರಾನ್ಸಿನ ಲೂಯಿ ನೀಲ್ 1949ರಲ್ಲಿ ಕೊಟ್ಟರು. ಮನೆಯೊಳಗಿನ ಉಷ್ಣತೆಯಲ್ಲಿಟ್ಟರೆ, ತಕ್ಕ ಗಾತ್ರದ ಕಣದ ನೆನಪು ಭೂಮಿಯ ವಯಸ್ಸಿಗಿಂತಲೂ ಹೆಚ್ಚು ಬಾಳಬಲ್ಲದು ಎಂದು ಆ ಲೆಕ್ಕ ಹೇಳುತ್ತದೆ.

ಕಲ್ಲಿನಲ್ಲಿ ಉಳಿಯುವುದು ಉತ್ತರ ಎಲ್ಲಿದೆ ಎಂಬುದೊಂದೇ ಆಗಿದ್ದರೆ ಈ ಶಾಸ್ತ್ರ ಇಷ್ಟು ದೂರ ಬರುತ್ತಿರಲಿಲ್ಲ. ಇನ್ನೊಂದು ಕೋನವೂ ಉಳಿಯುತ್ತದೆ. ಎಲ್ಲ ಕಡೆಗೂ ತಿರುಗುವಂತೆ ತೂಗುಹಾಕಿದ ಕಾಂತಸೂಜಿ ನೆಲಕ್ಕೆ ಮಟ್ಟಸವಾಗಿ ನಿಲ್ಲುವುದಿಲ್ಲ, ಬಾಗುತ್ತದೆ. ಭೂಮಧ್ಯರೇಖೆಯ ಬಳಿ ಬಾಗು ಕಡಿಮೆ, ಧ್ರುವಗಳತ್ತ ಹೋದಂತೆಲ್ಲ ಹೆಚ್ಚು, ಧ್ರುವದಲ್ಲಿ ಸೂಜಿ ಗಾರೆ ಕೆಲಸದವರ ತೂಗುಗುಂಡಿನ ಹಾಗೆ ನೆಟ್ಟಗೆ ನಿಲ್ಲುತ್ತದೆ. ಬಾಗಿಗೂ ಅಕ್ಷಾಂಶಕ್ಕೂ ಸರಳವಾದ ಗಣಿತ ಸಂಬಂಧವಿದೆ. ಕೆಜಿಎಫ್ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿಯ ಕ್ಷೇತ್ರ ಸಾವಿರಾರು ವರ್ಷಗಳ ಸರಾಸರಿಯಲ್ಲಿ ಪಡೆಯುವ ರೂಪದ ಪ್ರಕಾರ ಇಲ್ಲಿ ಬಾಗು 25 ಡಿಗ್ರಿಯ ಹತ್ತಿರ ಇರಬೇಕು. ಹಳೆಯ ಕಲ್ಲೊಂದರಲ್ಲಿ ಬಾಗು 25 ಇಲ್ಲದೆ ಬೇರೆ ಏನಾದರೂ ಸಿಕ್ಕಿದರೆ, ಕಲ್ಲು ಹುಟ್ಟಿದಾಗ ಈ ನೆಲವೇ ಬೇರೆ ಅಕ್ಷಾಂಶದಲ್ಲಿತ್ತು ಎಂದು ಲೆಕ್ಕ.

ಹಾಗಾದರೆ ಇನ್ನೂ ಹಳೆಯದಾದ ಚಿನ್ನದ ಸೀಮೆಯ ಕಲ್ಲನ್ನೇ ಯಾಕೆ ಕೇಳಬಾರದು? ಕೋಲಾರದ ಶಿಲಾಪಟ್ಟಿ ಸುಮಾರು 270 ಕೋಟಿ ವರ್ಷ ಹಳೆಯದು. ಸಮುದ್ರದಡಿ ಹರಿದ ಲಾವಾ ಅದು. ಪೆದ್ದಪಲ್ಲಿಯ ಬಳಿ ಆ ಕಾಲದ ಜ್ವಾಲಾಮುಖಿ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಆದರೆ ಆ ಲಾವಾ ಆಮೇಲೆ ನೆಲದ ಆಳಕ್ಕೆ ಹೂತುಹೋಗಿ, ಹಿಂಡಿಸಿಕೊಂಡು, ಬೆಂದು ಹಾರ್ನ್‌ಬ್ಲೆಂಡ್ ಶಿಸ್ಟ್ ಆಯಿತು. ಆಗ ಅದು ಕಂಡ ಬಿಸಿ 500ರಿಂದ 600 ಡಿಗ್ರಿಯಷ್ಟು. ಬಿಸಿ 580ಕ್ಕೆ ಮುಟ್ಟದಿದ್ದರೂ, ಅದರ ಆಸುಪಾಸಿನಲ್ಲಿ ಲಕ್ಷಾಂತರ ವರ್ಷ ಇದ್ದರೆ ಸಾಕು, ಮ್ಯಾಗ್ನೆಟೈಟಿನ ಹಳೆಯ ದಿಕ್ಕು ಅಳಿಸಿಹೋಗುತ್ತದೆ. ಚಾಂಪಿಯನ್ ಲೋಡಿನ ಪಶ್ಚಿಮಕ್ಕಿರುವ ಗಂಧಕಯುಕ್ತ ಅದಿರಿನಲ್ಲಿ ಪಿರೋಟೈಟ್ ಎಂಬ ಇನ್ನೊಂದು ಕಾಂತಖನಿಜವಿದೆ. ಅದು ಸುಮಾರು 320 ಡಿಗ್ರಿಗೇ ಎಲ್ಲ ಮರೆಯುತ್ತದೆ. ಚಿನ್ನ ಬಂದು ಕೂತದ್ದೂ ಇಂಥ ಬೇಗೆ ಮತ್ತು ಬಿಸಿನೀರಿನ ಓಡಾಟದ ಕಾಲದಲ್ಲೇ. ಚಿನ್ನವನ್ನು ತಂದಿಟ್ಟ ಬೇಗೆಯೇ ಕಲ್ಲಿನ ಹಳೆಯ ಕಾಂತಲೇಖವನ್ನು ಒರೆಸಿತು.

ಆ ಬೇಗೆ ಆರಿ ಹತ್ತು ಕೋಟಿಗೂ ಹೆಚ್ಚು ವರ್ಷಗಳಾದ ಮೇಲೆ, ನೆಲ ತಣ್ಣಗೆ ಗಟ್ಟಿಯಾದ ಮೇಲೆ, ಡೈಕ್‌ಗಳು ಬಂದವು. ಅಲ್ಲಿಂದೀಚೆಗೆ ದಕ್ಷಿಣ ಭಾರತದ ಈ ಭಾಗ ಅಷ್ಟು ಬಿಸಿಯನ್ನು ಮತ್ತೆ ಕಂಡಿಲ್ಲ. ಗಣಿಯ ತಳದಲ್ಲೇ ಇದರ ಸುಳಿವಿದೆ. ಮೂರು ಕಿಲೋಮೀಟರ್ ಕೆಳಗೆ ಬಂಡೆಯ ಬಿಸಿ 65 ಡಿಗ್ರಿಯ ಆಸುಪಾಸು. ಆಳುಗಳಿಗೆ ಅದು ನರಕವಾಗಿತ್ತು, ತಣ್ಣನೆಯ ಗಾಳಿಯನ್ನು ಒಳಕ್ಕೆ ಊದದೆ ಅಲ್ಲಿ ನಿಲ್ಲುವಂತಿರಲಿಲ್ಲ. ಭೂವಿಜ್ಞಾನದ ಲೆಕ್ಕದಲ್ಲಿ ಮಾತ್ರ ಅದು ತಂಪು ನೆಲ. ಜಗತ್ತಿನ ಬಹುಪಾಲು ಕಡೆ ಅಷ್ಟು ಆಳದಲ್ಲಿ ಇದಕ್ಕಿಂತ ಹೆಚ್ಚು ಕಾವು ಇರುತ್ತದೆ. ನೆನಪು ಅಳಿಸುವ 580 ಡಿಗ್ರಿ ಸಿಗಬೇಕಾದರೆ ಇಲ್ಲಿ ಹತ್ತಾರು ಕಿಲೋಮೀಟರ್ ಇಳಿಯಬೇಕು.

ಕಲ್ಲನ್ನು ಮಾತನಾಡಿಸುವ ಕೆಲಸ ತಾಳ್ಮೆ ಬೇಡುತ್ತದೆ. ವಜ್ರದ ತುದಿಯ ಸಣ್ಣ ಕೊರೆಯುವ ಯಂತ್ರ, ತಂಪಿಗೆ ನೀರು, ಒಂದು ಇಂಚು ದಪ್ಪದ ಬೆರಳಿನಂಥ ಕಲ್ಲಿನ ತುಂಡು. ಅದನ್ನು ಬಂಡೆಯಿಂದ ಕಿತ್ತುಕೊಳ್ಳುವ ಮುಂಚೆ ಅದರ ಮೈಮೇಲೆ ಗೆರೆ ಎಳೆದು ಆ ಗೆರೆ ಯಾವ ದಿಕ್ಕಿಗಿದೆ, ಎಷ್ಟು ಓರೆಯಾಗಿದೆ ಎಂದು ಬರೆದುಕೊಳ್ಳಬೇಕು. ಆ ಗೆರೆ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ದಿಕ್ಸೂಚಿಯನ್ನು ನಂಬುವಂತಿಲ್ಲ, ಕಲ್ಲೇ ಅದನ್ನು ಎಳೆಯುತ್ತದೆ. ಅದಕ್ಕೇ ಸೂರ್ಯನನ್ನು ನೆಚ್ಚುತ್ತಾರೆ: ಕಡ್ಡಿಯ ನೆರಳು ಬಿದ್ದ ಕೋನ, ಗಡಿಯಾರದ ಹೊತ್ತು, ಊರಿನ ಅಕ್ಷಾಂಶ–ರೇಖಾಂಶ ಇಷ್ಟಿದ್ದರೆ ನಿಜವಾದ ಉತ್ತರ ಸಿಗುತ್ತದೆ.

ಬಂಡೆಯನ್ನು ಆರಿಸುವುದೂ ಸುಲಭವಲ್ಲ. ದಿಬ್ಬದ ನೆತ್ತಿಯ ಕಲ್ಲು ಕೈಗೆ ಸಿಗುವುದು ಸುಲಭ, ಆದರೆ ಅದಕ್ಕೆ ಸಿಡಿಲು ಬಡಿದಿರುತ್ತದೆ. ಸಿಡಿಲಿನ ವಿದ್ಯುತ್ತು ಹರಿದ ಜಾಗದಲ್ಲಿ ಕ್ಷಣಮಾತ್ರದ ಭಾರಿ ಕಾಂತಕ್ಷೇತ್ರ ಹುಟ್ಟಿ ಕೋಟ್ಯಂತರ ವರ್ಷಗಳ ಬರಹದ ಮೇಲೆ ಗೀಚಿ ಹೋಗುತ್ತದೆ. ದಿಕ್ಸೂಚಿಯ ಮುಳ್ಳನ್ನು ಪೂರ್ತಿ ತಿರುಗಿಸಿಬಿಡುವ ಬಂಡೆಗಳು ಬಹುತೇಕ ಇಂಥವೇ. ಅವನ್ನು ಬಿಟ್ಟು, ಹಳ್ಳದಲ್ಲೋ ರಸ್ತೆಗೆಂದು ಕಡಿದ ಗೋಡೆಯಲ್ಲೋ ಕ್ವಾರಿಯಲ್ಲೋ ಒಳಗಿನ ಹೊಸ ಮೈ ಹುಡುಕಬೇಕು.

ಪ್ರಯೋಗಾಲಯಕ್ಕೆ ಬಂದ ತುಂಡಿನಲ್ಲಿ ಒಂದರ ಮೇಲೊಂದು ಹಲವು ಲೇಖಗಳಿರುತ್ತವೆ. ಇತ್ತೀಚಿನ ಸಾವಿರಾರು ವರ್ಷಗಳ ಕ್ಷೇತ್ರವೂ ಸಡಿಲ ಕಣಗಳ ಮೇಲೆ ತನ್ನ ಗುರುತು ಹಾಕಿರುತ್ತದೆ. ಅದನ್ನು ತೆಗೆಯುವ ಕ್ರಮ ಹೀಗೆ: ಭೂಮಿಯ ಕಾಂತಕ್ಷೇತ್ರವೂ ಒಳಬಾರದಂತೆ ಮರೆಮಾಡಿದ ಒಲೆಯಲ್ಲಿ ತುಂಡನ್ನು 100 ಡಿಗ್ರಿಗೆ ಕಾಯಿಸಿ ತಣಿಸಿ ಅಳೆಯುತ್ತಾರೆ. ಆಮೇಲೆ 200, 300, 400. ಪ್ರತಿ ಸಲ ಸಡಿಲವಾದ ಒಂದೊಂದು ಪದರ ಕಳಚುತ್ತದೆ, ಉಳಿದದ್ದರ ದಿಕ್ಕು ಮೆಲ್ಲಗೆ ಬದಲಾಗುತ್ತ ಹೋಗುತ್ತದೆ. 500 ದಾಟಿದ ಮೇಲೆ ದಿಕ್ಕು ಒಂದೇ ಕಡೆ ನಿಂತು, ಬಲ ಮಾತ್ರ ಕುಗ್ಗುತ್ತ ಬಂದು, 580ಕ್ಕೆ ಸೊನ್ನೆ. ಕೊನೆಗೆ ನಿಂತ ಆ ದಿಕ್ಕೇ ಕಲ್ಲು ಹುಟ್ಟಿದಾಗಿನದು ಎಂದು ಹೇಳಬಹುದು. ಆದರೂ ಇನ್ನೊಂದು ಸಾಕ್ಷಿ ಕೇಳುವುದು ವಾಡಿಕೆ. ಡೈಕಿಗೆ ಅಂಟಿಕೊಂಡ ಗ್ರಾನೈಟು ಆಗ ಅದರ ಕಾವಿಗೆ ಬೆಂದಿರುತ್ತದೆ, ಹತ್ತಾರು ಮೀಟರ್ ಆಚೆಯ ಗ್ರಾನೈಟು ಬೆಂದಿರುವುದಿಲ್ಲ. ಬೆಂದ ಗ್ರಾನೈಟಿನಲ್ಲಿ ಡೈಕಿನದೇ ದಿಕ್ಕು, ಬೇಯದ ಗ್ರಾನೈಟಿನಲ್ಲಿ ಬೇರೆ ದಿಕ್ಕು ಸಿಕ್ಕಿದರೆ ಡೈಕಿನ ಮಾತು ನಿಜ. ಎರಡರಲ್ಲೂ ಒಂದೇ ದಿಕ್ಕಿದ್ದರೆ ಆಮೇಲೆಂದೋ ಇಡೀ ಸೀಮೆ ಕಾದು ಎಲ್ಲದರ ಮೇಲೂ ಹೊಸದಾಗಿ ಬರೆದಿದೆ ಎಂದರ್ಥ. ಇಷ್ಟು ಸರಳವೂ ಇಷ್ಟು ಕಟ್ಟುನಿಟ್ಟೂ ಆದ ಪರೀಕ್ಷೆ ಬೇರೆ ಶಾಸ್ತ್ರಗಳಲ್ಲಿ ಅಪರೂಪ ಎಂದು ನನಗೆ ಅನಿಸುತ್ತದೆ.

ಒಂದೇ ಡೈಕ್ ಸಾಕೇ? ಸಾಲದು. ಹತ್ತಿಪ್ಪತ್ತು ಮೀಟರ್ ದಪ್ಪದ ಡೈಕ್ ಕೆಲವು ವರ್ಷಗಳಲ್ಲಿ, ಹೆಚ್ಚೆಂದರೆ ಕೆಲವು ದಶಕಗಳಲ್ಲಿ ತಣಿದುಬಿಡುತ್ತದೆ. ಭೂಮಿಯ ಕ್ಷೇತ್ರವಾದರೋ ಸದಾ ಅಲೆದಾಡುತ್ತಿರುತ್ತದೆ. ಲಂಡನ್ನಿನಲ್ಲಿ 1580ರಲ್ಲಿ ದಿಕ್ಸೂಚಿ ನಿಜ ಉತ್ತರದಿಂದ 11 ಡಿಗ್ರಿ ಪೂರ್ವಕ್ಕೆ ತೋರಿಸುತ್ತಿತ್ತು, 1820ರ ಹೊತ್ತಿಗೆ 24 ಡಿಗ್ರಿ ಪಶ್ಚಿಮಕ್ಕೆ. ನಮ್ಮಲ್ಲಿ ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಇದರ ಅಳತೆ ನಡೆಯಿತು. ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ, ಅಳತೆ ಕೆಡುತ್ತದೆ ಎಂದು 1904ರಲ್ಲಿ ಆ ಕೆಲಸಕ್ಕಾಗಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಶುರುವಾಯಿತು. ಉಪಕರಣಗಳ ದಾಖಲೆ ಇಷ್ಟೇ, ನಾಲ್ಕೂವರೆ ಶತಮಾನದ ಮಾತು. ಕಲ್ಲಿನ ವಿಷಯದಲ್ಲೂ ಒಂದು ಡೈಕ್ ಎಂದರೆ ಒಂದು ಗಳಿಗೆಯ ಅಳತೆ. ಬೇರೆ ಬೇರೆ ಗಳಿಗೆಯಲ್ಲಿ ತಣಿದ ಅನೇಕ ಡೈಕ್‌ಗಳ ಸರಾಸರಿ ತೆಗೆದಾಗಲೇ ಅಲೆದಾಟ ಕಳೆದು ನಿಜವಾದ ಅಕ್ಷಾಂಶ ಹೊರಬರುತ್ತದೆ.

ಬೆಂಗಳೂರು ಡೈಕ್ ಸಮೂಹದ ಮೇಲೆ ಇಂಥ ಕೆಲಸ ಮಾಡಿದವರಲ್ಲಿ ಮುಖ್ಯರು ಟೊರೊಂಟೊ ವಿಶ್ವವಿದ್ಯಾಲಯದ ಹೆನ್ರಿ ಹಾಲ್ಸ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಅನಿಲ್ ಕುಮಾರ್. ಅವರ ತಂಡದ ಲೇಖನ 2007ರಲ್ಲಿ ಬಂತು. ವಯಸ್ಸು ಹೇಳಲು ಅವರು ಹುಡುಕಿದ್ದು ಬ್ಯಾಡೆಲಿಯೈಟ್ ಎಂಬ ಖನಿಜದ ಹರಳುಗಳನ್ನು. ಕಣ್ಣಿಗೆ ಕಾಣದಷ್ಟು ಸಣ್ಣ ಆ ಹರಳಿನಲ್ಲಿ ಯುರೇನಿಯಂ ನಿಧಾನವಾಗಿ ಸೀಸವಾಗುತ್ತಿರುತ್ತದೆ, ಎಷ್ಟು ಸೀಸವಾಗಿದೆ ಎಂಬುದರ ಮೇಲೆ ವಯಸ್ಸು. ಉತ್ತರ: ಸುಮಾರು 236.5 ಕೋಟಿ ವರ್ಷ, ಏರುಪೇರು ಹೆಚ್ಚೆಂದರೆ ಹತ್ತಿಪ್ಪತ್ತು ಲಕ್ಷ ವರ್ಷ. ಹಾರೋಹಳ್ಳಿ, ಪೆನುಕೊಂಡ ಮುಂತಾದೆಡೆಯ ಡೈಕ್‌ಗಳ ವಯಸ್ಸೂ ಇದರ ಹತ್ತಿರಕ್ಕೇ ಬಂತು. ಇಷ್ಟು ಅಗಲದ ಪ್ರದೇಶದಲ್ಲಿ ಹೆಚ್ಚುಕಡಿಮೆ ಒಂದೇ ಸಲಕ್ಕೆ ನೆಲ ಬಿರಿದು ಶಿಲಾರಸ ನುಗ್ಗಿತ್ತು.

ಕಾಂತದ ದಿಕ್ಕು ಇನ್ನೂ ಬೆರಗಿನದು. ಇಂದಿನ ಅಕ್ಷಾಂಶದ ಪ್ರಕಾರ 25 ಡಿಗ್ರಿಯ ಹತ್ತಿರ ಇರಬೇಕಾದ ಬಾಗು 80 ಡಿಗ್ರಿಯ ಆಸುಪಾಸಿನಲ್ಲಿತ್ತು, ಬಹುತೇಕ ನೆಟ್ಟಗೆ. ಅಂದರೆ ನಮ್ಮ ನೆಲ ಆಗ ಧ್ರುವದಿಂದ 15–20 ಡಿಗ್ರಿ ಒಳಗೆ, ಇಂದಿನ ಗ್ರೀನ್‌ಲ್ಯಾಂಡ್ ಅಥವಾ ಅಂಟಾರ್ಕ್ಟಿಕ ಇರುವಂಥ ಅಕ್ಷಾಂಶದಲ್ಲಿತ್ತು. ಮುಂದೆ ಜೋಸೆಫ್ ಮೀರ್ಟ್ ಮತ್ತು ಅವರ ಜೊತೆಗಾರರು ಇನ್ನಷ್ಟು ಡೈಕ್‌ಗಳನ್ನು ಅಳೆದು 2014ರಲ್ಲಿ ಪ್ರಕಟಿಸಿದ ಫಲಿತಾಂಶವೂ ಅಲ್ಲಿಗೇ ಬಂತು. ಕೆಲವು ಡೈಕ್‌ಗಳಲ್ಲಿ ದಿಕ್ಕು ಕೆಳಮುಖ, ಕೆಲವದರಲ್ಲಿ ಮೇಲ್ಮುಖ, ಎರಡೂ ಒಂದಕ್ಕೊಂದು ನೇರ ಎದುರು. ಈ ಸಮೂಹ ಬಂದು ಮುಗಿಯುವ ಅವಧಿಯಲ್ಲೇ ಭೂಮಿಯ ಕಾಂತಧ್ರುವಗಳು ಅದಲುಬದಲಾಗಿದ್ದವು. ಹೀಗೆ ಅದಲುಬದಲಾಗುವ ಗುಣವಿರುವುದರಿಂದಲೇ ನಾವಿದ್ದದ್ದು ಉತ್ತರ ಧ್ರುವದ ಬಳಿಯೋ ದಕ್ಷಿಣದ ಬಳಿಯೋ ಎಂದು ಬಾಗು ನೋಡಿ ತೀರ್ಮಾನಿಸಲು ಆಗುವುದಿಲ್ಲ. ಧ್ರುವದಿಂದ ದೂರ ಎಷ್ಟು ಎಂಬುದು ಮಾತ್ರ ಖಚಿತ.

ಈ ದಿಕ್ಕು ಇನ್ನೊಂದು ಕೆಲಸಕ್ಕೂ ಬರುತ್ತದೆ. ಈ ಸೀಮೆಯಲ್ಲಿ ಬೇರೆ ಬೇರೆ ಕಾಲದ ಡೈಕ್‌ಗಳಿವೆ. ಕಣ್ಣಿಗೆ ಎಲ್ಲ ಒಂದೇ ಕಪ್ಪು, ಕೆಲವು ಒಂದೇ ದಿಕ್ಕಿಗೆ ಸಾಗುತ್ತವೆ ಕೂಡ. ಸುಮಾರು 188 ಕೋಟಿ ವರ್ಷ ಹಿಂದಿನವುಗಳಲ್ಲಿ ಬಾಗು ತೀರ ಕಡಿಮೆ, ಅಷ್ಟರಲ್ಲಿ ನೆಲ ಭೂಮಧ್ಯರೇಖೆಯ ಹತ್ತಿರ ಬಂದಿತ್ತು. ಬಾಗು ನೋಡಿದರೆ ಯಾವ ಡೈಕ್ ಯಾವ ಕುಲದ್ದು ಎಂದು ಬೇರ್ಪಡಿಸಬಹುದು. ಆಸ್ಟ್ರೇಲಿಯಾದ ಕಾಲ್ಗೂರ್ಲಿಯೂ ಕೋಲಾರದಂತೆ ಹಳೆಯ ಚಿನ್ನದ ಸೀಮೆ. ಅಲ್ಲಿನ ಸುಮಾರು 241 ಕೋಟಿ ವರ್ಷ ಹಳೆಯ ಡೈಕ್‌ಗಳಲ್ಲೂ ಬಾಗು ಕಡಿದಾಗಿದೆ. ಎರಡು ನೆಲಗಳೂ ಹಿಂದೊಮ್ಮೆ ನೆರೆಹೊರೆಯಾಗಿದ್ದವೇ ಎಂಬ ಚರ್ಚೆ ಅದರಿಂದ ಹುಟ್ಟಿದೆ.

ಕಲ್ಲಿನ ಕಾಂತತ್ವದ ಅಧ್ಯಯನ ಬೆಳೆದದ್ದರಲ್ಲಿ ಚಿನ್ನಕ್ಕೂ ಗಣಿಗಳಿಗೂ ಒಂದು ಪಾಲಿದೆ. ಭೂಮಿಗೆ ಕಾಂತತ್ವ ಎಲ್ಲಿಂದ ಬರುತ್ತದೆ ಎಂಬುದು 1940ರ ದಶಕದಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಬ್ರಿಟನ್ನಿನ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ 1947ರಲ್ಲಿ ಹೊಸ ಊಹೆ ಮುಂದಿಟ್ಟರು: ತಿರುಗುವ ಯಾವುದೇ ಭಾರಿ ವಸ್ತುವಿಗೆ ತಿರುಗುವುದರಿಂದಲೇ ಕಾಂತತ್ವ ಬರುತ್ತದೆ. ಇದು ನಿಜವಾದರೆ ಭೂಮಿಯ ಒಡಲೆಲ್ಲ ಕಾಂತಕ್ಷೇತ್ರದ ಮೂಲ, ಸುಳ್ಳಾದರೆ ಮೂಲ ಇರುವುದು ಕರಗಿದ ಕಬ್ಬಿಣದ ತಿರುಳಿನಲ್ಲಿ. ಪರೀಕ್ಷೆಗೆ ದಾರಿ ಗಣಿಯೊಳಗಿತ್ತು. ತಿರುಳು ಮೂಲವಾದರೆ ಕೆಳಗಿಳಿದಂತೆ ಕ್ಷೇತ್ರದ ಅಡ್ಡಬಲ ಅಷ್ಟಿಷ್ಟು ಹೆಚ್ಚಬೇಕು, ಬ್ಲ್ಯಾಕೆಟ್ ಹೇಳಿದಂತಾದರೆ ಕಡಿಮೆಯಾಗಬೇಕು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಹೇಲ್ಸ್ ಮತ್ತು ಗಫ್ ಮೊದಲು ಅಳೆದರು. ಆಮೇಲೆ ಕೀತ್ ರನ್‌ಕಾರ್ನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಿಗಿಳಿದು ಬಲ ಹೆಚ್ಚುವುದನ್ನೇ ಕಂಡರು. ತಿರುಳಿನ ವಾದ ಗೆದ್ದಿತು.

ಬ್ಲ್ಯಾಕೆಟ್ ತಾವೂ ಪ್ರಯೋಗ ಮಾಡಿದರು. ಅದಕ್ಕೆ ಬೇಕಾದ ವಸ್ತು ಭಾರವಾಗಿರಬೇಕು, ಅದಕ್ಕೆ ಸ್ವತಃ ಕಾಂತತ್ವ ಇರಬಾರದು. ಅಂಥ ವಸ್ತು ಚಿನ್ನ. ಬ್ಯಾಂಕ್ ಆಫ್ ಇಂಗ್ಲೆಂಡ್‌ನಿಂದ 15.2 ಕಿಲೋ ಬಂಗಾರ ಎರವಲು ಪಡೆದು, ಹತ್ತು ಸೆಂಟಿಮೀಟರ್ ಎತ್ತರ, ಅಷ್ಟೇ ಅಗಲದ ಉರುಳೆ ಮಾಡಿಸಿ, ಅದು ಭೂಮಿಯ ಜೊತೆ ತಿರುಗುವುದರಿಂದ ಹುಟ್ಟಬಹುದಾದ ಅತಿ ಸಣ್ಣ ಕಾಂತತ್ವವನ್ನು ಅಳೆಯಲು ಕೂತರು. ಕೋಲಾರದ ಬಂಗಾರವೂ ದಶಕಗಟ್ಟಲೆ ಹಡಗು ಹತ್ತಿ ಸೇರುತ್ತಿದ್ದದ್ದು ಅದೇ ಲಂಡನ್ನಿಗೆ. ಪ್ರಯೋಗದ ಫಲ ಸೊನ್ನೆ, 1952ರಲ್ಲಿ ಬ್ಲ್ಯಾಕೆಟ್ ತಮ್ಮ ಊಹೆ ಬಿದ್ದುಹೋಯಿತೆಂದು ತಾವೇ ಪ್ರಕಟಿಸಿದರು. ಕೈಯಲ್ಲಿ ಉಳಿದದ್ದು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾದ ಕಾಂತಮಾಪಕ. ಅದನ್ನು ಅವರು ಕಲ್ಲುಗಳತ್ತ ತಿರುಗಿಸಿದರು. ಸೋತ ಪ್ರಯೋಗದ ಉಪಕರಣದಿಂದ ಒಂದು ಹೊಸ ಶಾಸ್ತ್ರವೇ ಚಿಗುರಿದ ಈ ಕಥೆಯನ್ನು ನಮ್ಮ ವಿಜ್ಞಾನ ಪಠ್ಯಗಳಲ್ಲಿ ಹೇಳಬೇಕು.

ಭಾರತದ ಕಲ್ಲುಗಳು ಆ ಶಾಸ್ತ್ರದ ಮೊದಲ ಪರೀಕ್ಷೆಗಳಲ್ಲೇ ಇದ್ದವು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಟೆಡ್ ಅರ್ವಿಂಗ್‌ಗೆ, ಖಂಡಗಳು ಸರಿದಿವೆಯೇ ಎಂಬುದು ಭಾರತದ ಕಲ್ಲು ಅಳೆದರೆ ತಿಳಿಯುತ್ತದೆ ಎಂಬ ಹೊಳಹು ಸಿಕ್ಕಿತು. ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಅದಕ್ಕೆ ಒತ್ತಾಸೆಯಾಗಿ ನಿಂತರು. ಚದುರಿದ ದಿಕ್ಕುಗಳ ಸರಾಸರಿ ತೆಗೆಯಲು ಫಿಶರ್ 1953ರಲ್ಲಿ ಕೊಟ್ಟ ಗಣಿತವೇ ಇಂದಿಗೂ ಬಳಕೆಯಲ್ಲಿದೆ. ದಖ್ಖನ್ ಲಾವಾದ ತುಂಡುಗಳು ಹೇಳಿದ್ದು ಸ್ಪಷ್ಟವಾಗಿತ್ತು: ಆ ಲಾವಾ ಹರಿದಾಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಅರ್ವಿಂಗ್ ಅವರ ಪಿಎಚ್.ಡಿ. ಪ್ರಬಂಧವನ್ನು ಕೇಂಬ್ರಿಜ್ ಒಪ್ಪಲಿಲ್ಲ. 1956ರಲ್ಲಿ ಬ್ಲ್ಯಾಕೆಟ್ ಬಳಗದ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಅದೇ ಲಾವಾವನ್ನು ವಿಸ್ತಾರವಾಗಿ ಅಳೆದು ಅದೇ ತೀರ್ಮಾನಕ್ಕೆ ಬಂದರು. ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಭಾರತದ ಕಲ್ಲುಗಳ ಕಾಂತತ್ವ ಅಳೆಯತೊಡಗಿದರು.

ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಯ ಕರಿನೆಲದ ಅಡಿಯಲ್ಲಿರುವುದು ಆ ದಖ್ಖನ್ ಲಾವಾವೇ, ಸುಮಾರು 6.6 ಕೋಟಿ ವರ್ಷದ್ದು. ಅದರ ಬಹುಭಾಗ ಹರಿದದ್ದು ಧ್ರುವಗಳು ಇಂದಿನದಕ್ಕೆ ತಿರುಗುಮುರುಗಾಗಿದ್ದ ಅವಧಿಯಲ್ಲಿ. ಕಲ್ಲು ಹೀಗೆ ತಿರುಗುಮುರುಗು ತೋರಿಸುವುದನ್ನು ಜಗತ್ತಿಗೆ ಮೊದಲು ಹೇಳಿದವರು ಫ್ರಾನ್ಸಿನ ಬರ್ನಾರ್ಡ್ ಬ್ರೂನ್, 1906ರಲ್ಲಿ. ಲಾವಾ ಹರಿದು ಬೇಯಿಸಿದ ಜೇಡಿಮಣ್ಣಿನ ಪದರದಲ್ಲಿ ಅವರಿಗೆ ಇದು ಕಂಡಿತು. ಜಪಾನಿನ ಮತುಯಾಮ 1929ರಲ್ಲಿ ಅದಕ್ಕೆ ಕಾಲಕ್ರಮ ಕೂಡಿಸಿದರು. ಕೊನೆಯ ಅದಲುಬದಲಾಗಿ ಸುಮಾರು 7.8 ಲಕ್ಷ ವರ್ಷಗಳಾಗಿವೆ.

ಈಗ ಕರಿಕಲ್ಲಿನ ಇಂದಿನ ಸ್ಥಿತಿಗೆ ಬರೋಣ. ಹಾಲ್ಸ್ ತಂಡ ಇನ್ನೊಂದು ಸಂಗತಿ ಗಮನಿಸಿತ್ತು. ಈ ಡೈಕ್‌ಗಳ ಫೆಲ್ಡ್‌ಸ್ಪಾರ್ ಹರಳುಗಳು, ಸಾಮಾನ್ಯವಾಗಿ ಬಿಳಿಯಾಗಿರಬೇಕಾದವು, ಮಬ್ಬುಗಟ್ಟಿವೆ. ಒಳಗೆ ಕಬ್ಬಿಣದ ಖನಿಜದ ಅತಿ ಸಣ್ಣ ಚುಕ್ಕೆಗಳು ತುಂಬಿಕೊಂಡಿವೆ. ದಕ್ಷಿಣಕ್ಕೆ ಹೋದಂತೆ ಮಬ್ಬು ಹೆಚ್ಚು. ಅಲ್ಲಿ ಸವೆದು ಮೇಲೆ ಕಾಣುತ್ತಿರುವುದು ಒಂದು ಕಾಲಕ್ಕೆ ಹೆಚ್ಚು ಆಳದಲ್ಲಿದ್ದ ನೆಲ. ಆಳದ ಕಾವಿನಲ್ಲಿ ಡೈಕ್ ನಿಧಾನವಾಗಿ ತಣಿದಾಗ ಈ ಚುಕ್ಕೆಗಳು ಮೂಡಿದವು. ಕಲ್ಲಿಗೆ ಮಸಿಯಂಥ ಕಪ್ಪು ಬಂದದ್ದರಲ್ಲಿ ಈ ಚುಕ್ಕೆಗಳದೂ ಪಾಲಿದೆ. ಆ ಕಪ್ಪಿಗೇ ಮಾರುಕಟ್ಟೆಯಲ್ಲಿ ಬೆಲೆ. ಕನಕಪುರ, ಚಾಮರಾಜನಗರ, ಗಡಿಯಾಚೆಯ ಕುಪ್ಪಂ ಕಡೆಯ ಕಪ್ಪು ಗ್ರಾನೈಟ್ ಎಂದು ಹಡಗೇರುವ ಕಲ್ಲು ಗ್ರಾನೈಟೇ ಅಲ್ಲ, ಬಹುಪಾಲು ಇಂಥ ಡೈಕ್‌ಗಳನ್ನು ಕತ್ತರಿಸಿ ತೆಗೆದದ್ದು. ಯುರೋಪು, ಜಪಾನುಗಳಲ್ಲಿ ಅದು ಸಮಾಧಿಯ ಕಲ್ಲಾಗುತ್ತದೆ.

ಕ್ವಾರಿ ಇಲ್ಲಿ ಉಪಕಾರವನ್ನೂ ಮಾಡುತ್ತದೆ, ಹಾನಿಯನ್ನೂ ಮಾಡುತ್ತದೆ. ಸಿಡಿಲು ತಾಗದ, ಬಿಸಿಲು–ಮಳೆಗೆ ಕೊಳೆಯದ ಒಳಗಿನ ಕಲ್ಲು ಕೈಗೆ ಸಿಗುವುದು ಕ್ವಾರಿಯಲ್ಲೇ. ಆದರೆ ದಿಮ್ಮಿ ಲಾರಿ ಏರಿದ ಮೇಲೆ ಅದು ನೆಲದಲ್ಲಿ ಹೇಗೆ ನಿಂತಿತ್ತು ಎಂದು ಹೇಳುವವರಿಲ್ಲ. ಕಾಂತದ ಬಲ ಅದರಲ್ಲಿ ಹಾಗೇ ಇರುತ್ತದೆ, ದಿಕ್ಕಿಗೆ ಅರ್ಥ ಉಳಿಯುವುದಿಲ್ಲ. ಡೈಕ್ ಎಂಬುದು ಹತ್ತಿಪ್ಪತ್ತು ಮೀಟರ್ ದಪ್ಪದ ಗೋಡೆ, ಬೆಟ್ಟವಲ್ಲ. ಒಂದು ಗುತ್ತಿಗೆಯ ಅವಧಿಯಲ್ಲಿ ಅದರ ಎದ್ದು ಕಾಣುವ ಭಾಗವೆಲ್ಲ ಖಾಲಿಯಾಗಬಹುದು. ಕೆಜಿಎಫ್‌ನ ಆಳದಲ್ಲಿ ಕಿಲೋಮೀಟರ್‌ಗಟ್ಟಲೆ ಉದ್ದಕ್ಕೆ ತೆರೆದುಕೊಂಡಿದ್ದ ಡೈಕ್‌ಗಳ ಮೈ ಈಗ ನೀರು ತುಂಬಿದ ಸುರಂಗಗಳ ಒಳಗಿದೆ, ಅಲ್ಲಿಗೆ ಯಾರೂ ಹೋಗಲಾರರು.

ಕೇಳಬೇಕಾದ ಪ್ರಶ್ನೆಗಳು ಮಾತ್ರ ಮುಗಿದಿಲ್ಲ. ದಿಕ್ಕಿನ ನಂತರದ ಪ್ರಶ್ನೆ ಬಲದ್ದು: 237 ಕೋಟಿ ವರ್ಷದ ಹಿಂದೆ ಭೂಮಿಯ ಕಾಂತಕ್ಷೇತ್ರ ಎಷ್ಟು ಗಟ್ಟಿಯಾಗಿತ್ತು? ಸೂರ್ಯನಿಂದ ಬೀಸುವ ಕಣಗಳ ಗಾಳಿಗೆ ಆ ಕ್ಷೇತ್ರವೇ ಅಡ್ಡಗೋಡೆ. ಭೂಮಿಯ ನಡುವಿನ ಗಟ್ಟಿ ತಿರುಳು ಯಾವಾಗ ಹೆಪ್ಪುಗಟ್ಟಲು ಶುರುವಾಯಿತು ಎಂಬುದಕ್ಕೂ ಹಳೆಯ ಕಲ್ಲುಗಳ ಕಾಂತಬಲದಲ್ಲೇ ಸುಳಿವು ಹುಡುಕುತ್ತಿದ್ದಾರೆ. ದಿಕ್ಕಿಗಿಂತ ಬಲ ಅಳೆಯುವುದು ಹೆಚ್ಚು ಕಷ್ಟ. ತುಂಡನ್ನು ಗೊತ್ತಿರುವ ಕ್ಷೇತ್ರದಲ್ಲಿ ಹಂತಹಂತವಾಗಿ ಮತ್ತೆ ಕಾಯಿಸಿ ತಣಿಸಿ, ಅದು ಕಳೆದುಕೊಂಡ ಕಾಂತತ್ವಕ್ಕೂ ಹೊಸದಾಗಿ ಗಳಿಸಿದ್ದಕ್ಕೂ ತಾಳೆ ನೋಡಬೇಕು. ಕಾಯಿಸುವಾಗಲೇ ಖನಿಜ ಬದಲಾಗಿಬಿಟ್ಟರೆ ತುಂಡು ಕೈಬಿಟ್ಟಂತೆ. ಹತ್ತರಲ್ಲಿ ಒಂದೆರಡು ತುಂಡು ಪಾಸಾದರೂ ಸಂತೋಷಪಡುವ ಕೆಲಸ ಅದು. ಫ್ರಾನ್ಸಿನ ವಿಜ್ಞಾನಿಗಳು ಅನಿಲ್ ಕುಮಾರ್ ಅವರೊಡನೆ ನಮ್ಮ ಈ ಡೈಕ್‌ಗಳ ಮೇಲೆಯೇ ಅದನ್ನು ಮಾಡಿ 2014ರಲ್ಲಿ ಪ್ರಕಟಿಸಿದರು. ಇಂಥ ಅಳತೆ ಬೆರಳೆಣಿಕೆಯ ಡೈಕ್‌ಗಳಲ್ಲಷ್ಟೇ ಆಗಿದೆ, ಇನ್ನೂ ಎಷ್ಟೋ ಬಾಕಿ ಇವೆ.

ಕಡಿದುಹೋಗುವ ಮುಂಚೆ ಈ ಡೈಕ್‌ಗಳ ಕಾಂತಲೇಖವನ್ನು ಉಳಿಸಿಕೊಳ್ಳಲು ದೊಡ್ಡ ಖರ್ಚೇನೂ ಬೇಕಿಲ್ಲ. ಡೈಕ್ ಮೇಲೆ ಕ್ವಾರಿಗೆ ಗುತ್ತಿಗೆ ಕೊಡುವಾಗ, ಕಡಿಯಲು ಶುರುಮಾಡುವ ಮುಂಚೆ ದಿಕ್ಕು ಗುರುತಿಸಿದ ಹತ್ತು ತುಂಡುಗಳನ್ನು ಕೊರೆದು ತೆಗೆದು, ಜಾಗದ ಅಕ್ಷಾಂಶ–ರೇಖಾಂಶ ಬರೆದು, ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವೊಂದಕ್ಕೆ ಒಪ್ಪಿಸಬೇಕೆಂಬ ಒಂದು ಷರತ್ತು ಸೇರಿಸಿದರೆ ಆಯಿತು. ಒಂದು ಡೈಕಿಗೆ ಒಂದು ದಿನದ ಕೆಲಸ. ತೆಗೆದ ತುಂಡುಗಳು ಒಂದು ಬೂಟಿನ ಡಬ್ಬಿಯಲ್ಲಿ ಹಿಡಿಸುತ್ತವೆ.